ಕಣ್ಣು ಮುಚ್ಚದ ಬ್ಯಾಕು

ರಾಯದುರ್ಗದಲ್ಲಿ ಹಾಕಿ ಆಡುವವರಿಗಿಂತ ಹಾಕಿ ನೋಡುವವರಿಗೆ ಗತ್ತು ಜಾಸ್ತಿ. ಆಡುವವರು ಒಂದು ಹಿಡಿ ಜನ. ಮೈದಾನದ ಅಂಚಿನ ಬೇವಿನ ಕಟ್ಟೆಯ ಮೇಲೆ ಕೂತು ಅವರ ಜಾತಕ ಬರೆಯುವವರು ಊರಿಗೂರೇ. ಬಳ್ಳಾರಿ ದಂಡಿನಲ್ಲಿ ಚಾಕರಿ ಮಾಡಿ ಬಂದ ಡ್ರಿಲ್ ಮೇಷ್ಟ್ರೊಬ್ಬರು ಹಿಂದೆ ಯಾವಾಗಲೋ ಬೋರ್ಡ್ ಸ್ಕೂಲಿನ ಹುಡುಗರಿಗೆ ಈ ಆಟ ಹಚ್ಚಿ, ತಾವು ಪೆನ್ಷನ್ ತೆಗೆದುಕೊಂಡು ಊರು ಬಿಟ್ಟರು. ಹುಚ್ಚು ಮಾತ್ರ ಇಲ್ಲೇ ಉಳಿಯಿತು. ಬಡಗಿಗಳು ಜಾಲಿಯ ಕೊಂಬೆಯನ್ನು ಹಬೆಗೆ ಹಿಡಿದು ಬಗ್ಗಿಸಿ ಕೋಲು ಮಾಡಿಕೊಟ್ಟರು, ಬೆಟ್ಟದ ಬುಡದ ಕಲ್ಲುಹರಳಿನ ಗರಸು ನೆಲವೇ ಮೈದಾನವಾಯಿತು. ಬರ್ಲಿನ್ ಒಲಿಂಪಿಕ್ಸಿನಿಂದ ನಮ್ಮವರು ಚಿನ್ನ ಗೆದ್ದು ತಂದ ಮೇಲಂತೂ ಕೇಳಲೇಬೇಡಿ. ಸಂತೆಗೆ ಹೋದ ಗಂಡಸರು ಉಪ್ಪು ತರುವುದನ್ನು ಮರೆತರೂ ಸಂಜೆಯ ಆಟ ಮರೆಯುತ್ತಿರಲಿಲ್ಲ.

ಕಟ್ಟೆಯ ಮೇಲೆ ಮೂರು ಜನರಿಗೆ ಖಾಯಂ ಜಾಗ. ಒಬ್ಬ ಗಾದಿಲಿಂಗಪ್ಪ, ಬೆಲ್ಲದ ಮಂಡಿಯವನು. ಗಂಟಲು ದೊಡ್ಡದು, ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಯೋಚಿಸುವ ಅಭ್ಯಾಸ ಅವನಿಗಿಲ್ಲ. ಇನ್ನೊಬ್ಬ ಪೋಸ್ಟಾಫೀಸಿನ ಗೋಪಣ್ಣ. ಮದರಾಸಿನ ಪೇಪರು ಊರಿಗೆ ಬಂದರೆ ಮೊದಲು ಬಿಚ್ಚುವವನು ಅವನೇ, ಆದ್ದರಿಂದ ಪ್ರಪಂಚದ ಹಾಕಿಯೆಲ್ಲ ತನಗೆ ಗೊತ್ತು ಅಂತ ಅವನ ನಂಬಿಕೆ. ಇವರಿಬ್ಬರ ನಡುವೆ ಕೂರುವವನು ಜವಳಿ ಅಂಗಡಿಯ ಉಜ್ಜಿನಪ್ಪ. ಪ್ರಾಯದಲ್ಲಿ ತಾನೇ ಬ್ಯಾಕ್ ಆಗಿದ್ದವನು, ಅಂದರೆ ಗೋಲಿನ ಮುಂದೆ ನಿಂತು ಎದುರಿನವರ ದಾಳಿ ತಡೆಯುವವನು. ಮುಂದಿನ ಹಲ್ಲುಗಳನ್ನು ಆಟಕ್ಕೇ ಕೊಟ್ಟಿದ್ದ. ಹತ್ತು ಜನ ಹತ್ತು ಮಾತಾಡಿದರೂ ಕೊನೆಗೆ ಉಜ್ಜಿನಪ್ಪ ಏನೆಂದ ಅನ್ನುವುದೇ ಊರಿನ ತೀರ್ಪು.

ಅವನ ಹೆಂಡತಿ ಬಸಲಿಂಗಮ್ಮ ಹೋದ ಮಾಘದಲ್ಲಿ ತೀರಿಕೊಂಡಿದ್ದಳು. ಮಣ್ಣು ಮಾಡಿ ಬಂದ ದಿನದಿಂದ ಅವನಿಗೆ ಅಳು ಬಂದಿರಲಿಲ್ಲ. ನಾಳೆ ಬರಬಹುದು, ಹಬ್ಬಕ್ಕೆ ಬರಬಹುದು ಅಂತ ಕಾದ. ಬರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅಂಗಡಿ ತೆಗೆಯುತ್ತಿದ್ದ, ಗಜಕೋಲು ಹಿಡಿದು ಬಟ್ಟೆ ಅಳೆಯುತ್ತಿದ್ದ, ಸೊಸೆ ಬಡಿಸಿದ್ದನ್ನು ಉಣ್ಣುತ್ತಿದ್ದ. ಗಿರಾಕಿಗಳು ಚೌಕಾಸಿ ಮಾಡಿದರೆ ಅವರು ಕೇಳಿದ ದರಕ್ಕೇ ಕೊಟ್ಟು ಕಳಿಸುತ್ತಿದ್ದ. ಮಗ ಬೈದರೆ ಹೌದು ಅನ್ನುತ್ತಿದ್ದ. ದುಃಖವಾದರೂ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು, ಅದೂ ಇರಲಿಲ್ಲ.

ಕೊನೆಗೆ ಗಾದಿಲಿಂಗಪ್ಪನೇ ಮನೆಗೆ ಬಂದು ತೋಳು ಹಿಡಿದು ಎಬ್ಬಿಸಿದ.

“ಏಳ್ರಿ ಉಜ್ಜಿನಪ್ಪಣ್ಣ. ಮನ್ಯಾಗ ಕುಂತು ಗ್ವಾಡಿ ನೋಡಿದ್ರ ಗ್ವಾಡಿ ಏನು ಹಾಕಿ ಆಡತೈತೇನ್ರಿ? ಹೊಸಾ ಬ್ಯಾಕ್ ಒಬ್ಬ ಬಂದಾನ. ನೀವು ಬಂದು ಕಣ್ಣು ನೋಡೋತನ ನಾ ಬಾಯಿ ಬಿಡೂದಿಲ್ಲ ಅಂತ ಕುಂತೀನಿ.”

ಗಾದಿಲಿಂಗಪ್ಪ ಬಾಯಿ ಬಿಡದೆ ಕೂತಿದ್ದ ಅನ್ನುವುದು ಶುದ್ಧ ಸುಳ್ಳು. ಆದರೂ ಉಜ್ಜಿನಪ್ಪ ಎದ್ದು ಚಪ್ಪಲಿ ಮೆಟ್ಟಿದ. ಬರುವುದಿಲ್ಲ ಅನ್ನುವುದಕ್ಕೂ ಒಂದು ಮನಸ್ಸು ಬೇಕಲ್ಲ.

ಕಣ್ಣು ನೋಡುವುದು ರಾಯದುರ್ಗದ ಪದ್ಧತಿ. ಅದನ್ನು ಶುರು ಮಾಡಿದವನು ಉಜ್ಜಿನಪ್ಪನೇ. ಬ್ಯಾಕ್ ಆಗುತ್ತೇನೆ ಅಂತ ಬಂದವನನ್ನು ಎರಡು ಕಲ್ಲುಗಳ ನಡುವೆ ನಿಲ್ಲಿಸಿ, ಹತ್ತಿರದಿಂದಲೇ ಗಟ್ಟಿ ಹೊಡೆತದವನೊಬ್ಬ ಕಾಲಿನ ಮಟ್ಟಕ್ಕೆ ಬಾಲು ಬೀಸುತ್ತಾನೆ. ಹಿರಿಯರು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಬಾಲನ್ನಲ್ಲ, ನಿಂತವನ ಕಣ್ಣನ್ನು ನೋಡುತ್ತಾರೆ. ಕಣ್ಣು ಮುಚ್ಚಿದವನನ್ನು ಫಾರ್ವರ್ಡಿಗೆ ಕಳಿಸುತ್ತಾರೆ. ಹಾರಿ ಪಕ್ಕಕ್ಕೆ ಹೋದವನಿಗೆ ಊರಿಡೀ ಒಂದು ತಿಂಗಳು ಅಡ್ಡಹೆಸರು. ಎಷ್ಟು ಬಾಲು ತಡೆದ ಅನ್ನುವ ಲೆಕ್ಕವನ್ನು ಯಾರೂ ಹಿಡಿಯುವುದಿಲ್ಲ. ತಡೆಯುವುದನ್ನು ಕಲಿಸಬಹುದು, ಅಂಜಿಕೆ ಬಿಡಿಸಲಿಕ್ಕೆ ಆಗುವುದಿಲ್ಲ ಎಂಬುದು ಉಜ್ಜಿನಪ್ಪನ ಸಿದ್ಧಾಂತ.

ಹೊಸಬನ ಹೆಸರು ಚಿತ್ತಪ್ಪ. ಮಡಕಶಿರಾ ತಾಲ್ಲೂಕು, ಹೇಮಾವತಿ ಹತ್ತಿರದ ಹಳ್ಳಿಯ ಒಕ್ಕಲು ಮನೆತನ. ಮೀಸೆ ಈಗಷ್ಟೇ ಗಟ್ಟಿಯಾಗುತ್ತಿತ್ತು. ಅವನ ಅಕ್ಕ ಕೆಂಪಕ್ಕನನ್ನು ರಾಯದುರ್ಗಕ್ಕೆ ಕೊಟ್ಟಿದ್ದರು. ಗಂಡ ಸತ್ತ ಮೇಲೆ ಆಕೆ ತವರಿಗೆ ಹೋಗದೆ, ಮಂಡಕ್ಕಿ ಒಗ್ಗರಣೆ ಮಾಡಿ ಬುಟ್ಟಿಯಲ್ಲಿ ಹೊತ್ತು ಮಾರಿ ಬದುಕುತ್ತಿದ್ದಳು. ಜೊತೆಗೆ ಯಾರಾದರೂ ಇರಲಿ ಅಂತ ತಮ್ಮ ಬಂದ, ಹತ್ತಿ ಬಿಡಿಸುವ ಜಿನ್ನಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಸಂಜೆ ಕೆಂಪಕ್ಕನ ಬುಟ್ಟಿ ಬಂದು ಇಳಿಯುತ್ತಿದ್ದದ್ದೂ ಇದೇ ಬೇವಿನ ಕಟ್ಟೆಯ ಹತ್ತಿರ. ಆಕೆಯ ಮಂಡಕ್ಕಿ ಬಾಯಲ್ಲಿಲ್ಲದಿದ್ದರೆ ಗಾದಿಲಿಂಗಪ್ಪನಿಗೆ ಆಟವೇ ಕಾಣುತ್ತಿರಲಿಲ್ಲ.

ಬಾಲು ಬೀಸಿದವನು ಕುರುಬರ ದೊಡ್ಡಬೀರಪ್ಪ. ಅವನ ಹೊಡೆತಕ್ಕೆ ಗೋಲು ಕಾಯುವ ಗೋಲಿಗಳೇ ದಾರಿ ಬಿಡುತ್ತಿದ್ದರು. ಮೊದಲ ಬಾಲನ್ನು ಚಿತ್ತಪ್ಪ ಕೋಲಿನಿಂದ ತಡೆದ. ಎರಡನೆಯದು ಗರಸಿನ ಮೇಲೆ ಪುಟಿದು ಸೀದಾ ಎಡಗಾಲಿನ ಮೂಳೆಗೆ ಬಡಿಯಿತು. ಕಟ್ಟೆಯ ಮೇಲಿದ್ದವರೆಲ್ಲ ಅಯ್ಯಪ್ಪಾ ಅಂತ ತಮ್ಮ ತಮ್ಮ ಕಾಲು ಹಿಡಿದುಕೊಂಡರು. ಚಿತ್ತಪ್ಪನ ಕಣ್ಣು ಮುಚ್ಚಲೂ ಇಲ್ಲ, ತುಂಬಲೂ ಇಲ್ಲ. ಕಾಲಬುಡದಲ್ಲಿ ನಿಂತ ಬಾಲನ್ನು ಕೋಲಿನಿಂದ ತಳ್ಳಿ, “ಇನ್ನೊಂದು ಬರ್ಲಿ” ಅಂದ.

“ಇದ್ರಿ ಕಾಲಂದ್ರ!” ಗಾದಿಲಿಂಗಪ್ಪ ಎದ್ದೇ ನಿಂತ. “ಕಬ್ಬಿಣ! ಇಂಥವ ಬಳ್ಳಾರ್ಯಾಗೂ ಇಲ್ಲ ಬಿಡ್ರಿ.”

ಎಲ್ಲರೂ ಉಜ್ಜಿನಪ್ಪನ ಮುಖ ನೋಡಿದರು. ಅವನಿಗೆ ಸಂತೋಷವೇನೂ ಆಗಲಿಲ್ಲ. ಆದರೆ ಕಣ್ಣು ಕಂಡದ್ದನ್ನು ಹೇಳಲು ಸಂತೋಷ ಬೇಕಾಗಿರಲಿಲ್ಲ.

“ಬ್ಯಾಕ್ ಅದಾನ,” ಅಂದ.

ಅಷ್ಟಾಗಿದ್ದೇ ತಡ, ಚಿತ್ತಪ್ಪ ಊರಿನ ಆಸ್ತಿಯಾದ. ಬೇಸಿಗೆಯಿಂದ ದಸರೆಯವರೆಗೆ ಕಟ್ಟೆಯಲ್ಲಿ ಅವನದೇ ಮಾತು. ಹುಡುಗಿ ನೋಡಲು ಹೋದವರು ಕೂಡ ಅಷ್ಟು ಕೂಲಂಕಷವಾಗಿ ನೋಡಲಾರರು. ಹೊಡೆತ ಬಲವಾಗಿದೆ, ಆದರೆ ಅವಸರದಲ್ಲಿ ಎತ್ತಿ ಹೊಡೆಯುತ್ತಾನೆ. ಎದುರಿನವನ ಕೋಲು ನೋಡದೆ ಸೊಂಟ ನೋಡುತ್ತಾನೆ, ಅದಕ್ಕೇ ಮೋಸ ಹೋಗುವುದಿಲ್ಲ. ಗೋಲಿಯನ್ನು ಕೂಗಿ ಎಚ್ಚರಿಸುವುದು ಕಡಿಮೆ, ಬಾಯಿ ಸಾಲದು. ಗಾದಿಲಿಂಗಪ್ಪ ಅವನನ್ನು ಆಗಲೇ ಮದರಾಸಿಗೆ, ಅಲ್ಲಿಂದ ಹಡಗು ಹತ್ತಿಸಿ ವಿಲಾಯತಿಗೆ ಕಳಿಸಿಯಾಗಿತ್ತು. ತಕರಾರು ತೆಗೆಯುತ್ತಿದ್ದವನು ಗೋಪಣ್ಣ ಒಬ್ಬನೇ.

“ಎಲ್ಲಾ ಖರೇ. ಆದ್ರ ಎಡಗಾಲು ಯಾಕ ಹಿಂದ ಬೀಳತೈತ್ರಿ? ತಿರುಗುವಾಗ ಬೆರಳು ನೆಲಕ್ಕ ಎಳೀತಾವ. ಈ ಎರಡು ತಿಂಗಳಾಗ ಜಾಸ್ತಿನ ಆಗೇತಿ.”

“ಗರಸಿನ ಮ್ಯಾಲ ಆಡೋ ಕಾಲು ಗೋಪಣ್ಣಾರ,” ಅಂದ ಉಜ್ಜಿನಪ್ಪ. “ಮೆತ್ತನ ನೆಲ ಸಿಕ್ರ ಸರಿಹೋಗತೈತಿ.”

ಉಜ್ಜಿನಪ್ಪ ಹೇಳಿದ ಮೇಲೆ ಮುಗಿಯಿತು. ಗೋಪಣ್ಣ ಮಂಡಕ್ಕಿ ಬಾಯಿಗೆ ಹಾಕಿಕೊಂಡ.

ಸುದ್ದಿ ರೈಲು ಹತ್ತಿ ಬಳ್ಳಾರಿ ಮುಟ್ಟಿತು. ಅಲ್ಲಿ ಹತ್ತಿ ಮಿಲ್ಲೊಂದಕ್ಕೆ ಸ್ವಂತ ಟೀಮಿತ್ತು. ಆಟಗಾರರಿಗೆ ಮಿಲ್ಲಿನಲ್ಲೇ ನೌಕರಿ, ಇರಲು ಎರಡು ಕೋಣೆಯ ಮನೆ. ದೀಪಾವಳಿ ಕಳೆದ ಮೇಲೆ ಟೀಮು ಕಟ್ಟಿಕೊಂಡು ರಾಯದುರ್ಗಕ್ಕೆ ಬರುತ್ತೇವೆ, ಆ ಬ್ಯಾಕನ್ನು ನಮ್ಮ ಸೆಕ್ರೆಟರಿಯವರು ನೋಡಲಿ, ಒಪ್ಪಿದರೆ ಅವತ್ತೇ ಕರೆದುಕೊಂಡು ಹೋಗುತ್ತೇವೆ ಅಂತ ಹೇಳಿಕಳಿಸಿದರು. ಕೆಂಪಕ್ಕ ಅವತ್ತು ಕಟ್ಟೆಯವರಿಗೆಲ್ಲ ಮಂಡಕ್ಕಿಯ ಮೇಲೆ ಒಂದೊಂದು ಮೆಣಸಿನಕಾಯಿ ಬಜ್ಜಿ ಇಟ್ಟುಕೊಟ್ಟಳು. ತಮ್ಮನ ಜೊತೆ ತಾನೂ ಹೋಗಿ ಆ ಎರಡು ಕೋಣೆಯ ಮನೆಯಲ್ಲಿ ಒಲೆ ಹೂಡುವ ಆಸೆ ಆಕೆಗೆ.

ಅದಾದ ಕೆಲವು ದಿನಕ್ಕೆ ಆಟ ಮುಗಿಸಿದ ಚಿತ್ತಪ್ಪ ಬೆವರು ಒರೆಸಿಕೊಳ್ಳುತ್ತ ಕಟ್ಟೆಯ ಹತ್ತಿರ ಬಂದ. ಅವನು ನಡೆದು ಬಂದ ಜಾಡಿನಲ್ಲಿ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ ಕೆಂಪಗೆ ಒದ್ದೆಯಾಗಿದ್ದದ್ದು ಉಜ್ಜಿನಪ್ಪನಿಗೆ ಕಾಣಿಸಿತು.

“ಏ ತಮ್ಮಾ, ಕಾಲಿಗೆ ಏನಾಗೇತಿ ನೋಡು.”

ಚಿತ್ತಪ್ಪ ಎಡಗಾಲು ಮಡಿಸಿ ನೋಡಿದ. ಹಿಮ್ಮಡಿಯಲ್ಲಿ ಜಾಲಿಯ ಮುಳ್ಳು ಬುಡದವರೆಗೆ ಹೂತಿತ್ತು. ಎಷ್ಟು ಹೊತ್ತಿನಿಂದ ಅದರ ಮೇಲೆ ಓಡಿದ್ದನೋ ದೇವರೇ ಬಲ್ಲ. “ಅರೆ, ಗೊತ್ತೇ ಆಗ್ಲಿಲ್ವಲ್ಲ!” ಅಂತ ನಗುತ್ತ, ಹಲ್ಲಿಗೆ ಸಿಕ್ಕ ನಾರು ಕೀಳುವಷ್ಟೇ ಸಲೀಸಾಗಿ ಅದನ್ನು ಕಿತ್ತು ಬಿಸಾಕಿದ.

“ನೋಡ್ರೋ! ನೋಡ್ರೋ!” ಗಾದಿಲಿಂಗಪ್ಪ ಚಪ್ಪಾಳೆ ತಟ್ಟಿದ. ಸುತ್ತಲಿದ್ದವರೂ ತಟ್ಟಿದರು.

ಉಜ್ಜಿನಪ್ಪ ತಟ್ಟಲಿಲ್ಲ. ಅವನ ಕಣ್ಣು ಮಡಿಸಿದ ಕಾಲಿನ ಮೀನಖಂಡದ ಮೇಲಿತ್ತು. ಅಲ್ಲಿ ಅಂಗೈಯಗಲದ ಒಂದು ತಿಳಿ ಮಚ್ಚೆ. ಸುತ್ತಲ ಚರ್ಮವೆಲ್ಲ ಬೆವರಿ ಹೊಳೆಯುತ್ತಿದ್ದರೆ ಅಷ್ಟು ಜಾಗ ಮಾತ್ರ ಒಣಗಿ ಮಂಕಾಗಿತ್ತು.

ಉಜ್ಜಿನಪ್ಪನ ತಾಯಿಯ ಅಣ್ಣ ಒಬ್ಬ ಕಣೇಕಲ್ಲಿನಲ್ಲಿದ್ದ. ರಜೆಗೆ ಹೋದ ಮಕ್ಕಳೆದುರು ಒಲೆಯ ಕೆಂಡವನ್ನು ಬೆರಳಲ್ಲಿ ಎತ್ತಿ ಚುಟ್ಟ ಹಚ್ಚಿ ತೋರಿಸುತ್ತಿದ್ದ. ಮಾವನಂಥ ಗಂಡಸು ಲೋಕದಲ್ಲೇ ಇಲ್ಲ ಅಂತ ಮಕ್ಕಳು ಕುಣಿಯುತ್ತಿದ್ದರು. ಕೆಲವು ವರ್ಷಕ್ಕೆ ಆ ಬೆರಳುಗಳೇ ಉಳಿಯಲಿಲ್ಲ. ಮಾವನನ್ನು ಕೆರೆಯಾಚೆ ಒಂದು ಗುಡಿಸಲಿಗೆ ಹಾಕಿದರು. ದೂರದಲ್ಲಿ ಮಣ್ಣಿನ ತಟ್ಟೆ ಇಟ್ಟು, ಅದರಲ್ಲಿ ಅನ್ನ ಸುರಿದು ಬರುತ್ತಿದ್ದರು. ಮನೆಯ ಹೆಣ್ಣುಮಕ್ಕಳನ್ನು ಕೇಳಿಕೊಂಡು ಆಮೇಲೆ ಯಾರೂ ಬರಲಿಲ್ಲ. ರೋಗದ ಹೆಸರನ್ನು ಮನೆಯಲ್ಲಿ ಎತ್ತುತ್ತಿರಲಿಲ್ಲ. ದೊಡ್ಡ ರೋಗ ಅನ್ನುತ್ತಿದ್ದರು, ಅದೂ ಪಿಸುಮಾತಿನಲ್ಲಿ.

ಉಜ್ಜಿನಪ್ಪ ಮನೆಗೆ ಹೋಗಿ ಉಂಡ, ಮಲಗಿದ, ಬೆಳಿಗ್ಗೆ ಅಂಗಡಿ ತೆಗೆದ. ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳಲಿಲ್ಲ. ಹೇಳಿದರೆ ಬಳ್ಳಾರಿ ಹೋಯಿತು, ಮನೆ ಹೋಯಿತು, ಊರೂ ಹೋಗಬಹುದು. ಹೇಳದಿದ್ದರೆ ಕಾಲು ಹೋಗುತ್ತದೆ, ಆಮೇಲೆ ಕೈ ಹೋಗುತ್ತದೆ. ಬೇರೆ ಯಾರದೋ ಮನೆಯ ವ್ಯಾಜ್ಯ ಕೇಳಿದ ಹಾಗೆ ಎರಡೂ ಕಡೆಯ ಮಾತನ್ನು ಅವನು ಸುಮ್ಮನೆ ಕೇಳಿಸಿಕೊಂಡ. ಗಿರಾಕಿಯೊಬ್ಬಳು ಕುಪ್ಪಸದ ಕಣ ಕೇಳಿದರೆ ಪಂಚೆ ಹರಿದು ಕೊಟ್ಟ. ಅವಳು ಗೊಣಗುತ್ತಿದ್ದಂತೆ, ಅಂಗಡಿಯ ಸೂಜಿ ಒಂದನ್ನೂ ಒಂದೆಳೆ ನೂಲನ್ನೂ ಜೇಬಿಗಿಳಿಸಿ ಎದ್ದ.

ಜಿನ್ನಿಗೆ ಅವತ್ತು ರಜೆ. ಚಿತ್ತಪ್ಪ ಮನೆಯ ಜಗಲಿಯ ಮೇಲೆ ಕೋಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದ. ಒಳಗೆ ಕೆಂಪಕ್ಕ ಸೌಟು ಹಿಡಿದು ಒಲೆಯ ಮುಂದೆ ನಿಂತಿದ್ದಳು. ಯಜಮಾನರೇ ಮನೆಬಾಗಿಲಿಗೆ ಬಂದರಲ್ಲ ಅಂತ ಇಬ್ಬರಿಗೂ ಗಾಬರಿ. ಉಜ್ಜಿನಪ್ಪ ಚಿತ್ತಪ್ಪನನ್ನು ಒಳಗೆ ಕರೆದು, ಬಾಗಿಲು ಮುಂದಕ್ಕೆ ಮಾಡಿ ನೆಲದ ಮೇಲೆ ಕೂತ.

“ಕಾಲು ಚಾಚು ತಮ್ಮಾ. ಕಣ್ಣು ಮುಚ್ಚು.”

“ಬ್ಯಾಕ್ ಆದೋನು ಕಣ್ಣು ಮುಚ್ಬಾರ್ದು ಅಂತ ನೀವೇ ಅಲ್ವ ಯಜಮಾನ್ರೇ ಯೋಳಿದ್ದು?”

“ಇವತ್ತೊಂದಿನ ಮುಚ್ಚು. ನಾ ಎಲ್ಲಿ ಮುಟ್ಟತೀನಿ ಅಷ್ಟು ಹೇಳು.”

ಚಿತ್ತಪ್ಪ ನಗುತ್ತಲೇ ಕಣ್ಣು ಮುಚ್ಚಿದ. ನೂಲಿನ ಎಳೆ ಮುಂಗೈಗೆ ಸೋಕಿತು. “ಕೈಯಿ.” ಬಲಗಾಲಿಗೆ ಸೋಕಿತು. “ಬಲಗಾಲು, ಮಂಡಿ ತಾವ. ಕಚಗುಳಿ ಇಡ್ಬ್ಯಾಡಿ ಯಜಮಾನ್ರೇ.” ಎಳೆ ಎಡಗಾಲಿನ ಮಚ್ಚೆಯ ಮೇಲೆ ಹರಿಯಿತು, ಅಲ್ಲಿಂದ ಪಾದದ ಮೇಲೆ, ಬೆರಳುಗಳ ಮೇಲೆ. ಚಿತ್ತಪ್ಪ ಕಾಯುತ್ತ ಕೂತ. ಉಜ್ಜಿನಪ್ಪ ಸೂಜಿ ತೆಗೆದು ಮಚ್ಚೆಯ ನಡುವೆ ಚುಚ್ಚಿದ, ಇನ್ನಷ್ಟು ಒತ್ತಿದ. ಸಾಸಿವೆ ಕಾಳಿನಷ್ಟು ರಕ್ತ ಮೂಡಿತು.

“ಮುಟ್ಟಿ ಯಜಮಾನ್ರೇ,” ಅಂದ ಚಿತ್ತಪ್ಪ, ಕಣ್ಣು ಮುಚ್ಚಿಕೊಂಡೇ. “ಯಾಕೆ ನಿಲ್ಲಿಸ್ಬಿಟ್ರಿ?”

ಕೆಂಪಕ್ಕ ಸೂಜಿಯನ್ನೇ ನೋಡುತ್ತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಲೆಯ ಮೇಲಿನ ಒಗ್ಗರಣೆ ಸೀದುಹೋಯಿತು, ಯಾರೂ ಇಳಿಸಲಿಲ್ಲ.

ಉಜ್ಜಿನಪ್ಪ ಸುತ್ತಿ ಬಳಸಲಿಲ್ಲ, ಕುಷ್ಠ ಅಂತ ರೋಗದ ಹೆಸರು ಹೇಳಿಬಿಟ್ಟ. ಕೆಂಪಕ್ಕ ಮೊದಮೊದಲು ಒಪ್ಪಲಿಲ್ಲ. ಮೂಟೆ ಹೊತ್ತು ಹೊತ್ತು ನರ ಸತ್ತಿರಬೇಕು, ಎಣ್ಣೆ ಹಚ್ಚಿ ನೀವಿದರೆ ಬರುತ್ತದೆ ಅಂದಳು. ಆಮೇಲೆ ಉಜ್ಜಿನಪ್ಪನ ಎರಡೂ ಪಾದ ಹಿಡಿದುಕೊಂಡಳು.

“ಯಾರ ಮುಂದ್ಲೂ ಆಡ್ಬ್ಯಾಡಿ ಯಜಮಾನ್ರೇ. ನನ್ನ ಕೈಲಿ ಯಾರು ಮಂಡಕ್ಕಿ ತಿಂತಾರೆ? ಮನೆಯೋನು ಸಾಮಾನು ಬೀದಿಗೆ ಎಸೀತಾನೆ. ಊರ್ನಾಗೆ ನಮ್ಮ ಕಡೆ ಮಕ ಎತ್ತಿ ನೋಡೋರು ಇರಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ.”

ಉಜ್ಜಿನಪ್ಪ ಕೊರಳಿನ ಲಿಂಗ ಮುಟ್ಟಿ ಮಾತು ಕೊಟ್ಟ. ಲಿಂಗ ಮುಟ್ಟಿ ಕೊಟ್ಟ ಮಾತಿಗೆ ಅವನ ವಂಶದಲ್ಲಿ ಯಾರೂ ತಪ್ಪಿರಲಿಲ್ಲ.

ಅಷ್ಟು ಹೊತ್ತೂ ಚಿತ್ತಪ್ಪ ಆ ರಕ್ತದ ಹನಿಯನ್ನೇ ನೋಡುತ್ತಿದ್ದ. ಬೆರಳಿನಿಂದ ಒರೆಸಿದ, ಮತ್ತೆ ಮೂಡಿತು, ಮತ್ತೆ ಒರೆಸಿದ.

“ಅಂಗಾರೆ ನಾನು ಗಟ್ಟಿಗ ಅಲ್ಲ ಅನ್ನಿ,” ಅಂದ.

ರೋಗದ ಮಾತಲ್ಲ, ನೌಕರಿಯ ಮಾತಲ್ಲ, ಆ ಪ್ರಾಣಿಗೆ ಹೊಳೆದದ್ದು ಅದು. ಮಡಕಶಿರಾದಿಂದ ಮೂಟೆ ಹೊರಲು ಬಂದವನನ್ನು ಊರು ಹೊಗಳಿದ್ದು ಅದೊಂದಕ್ಕೇ.

ಉಜ್ಜಿನಪ್ಪ ಸುಳ್ಳು ಹೇಳಬಹುದಿತ್ತು. ಸಮಾಧಾನದ ಸುಳ್ಳು ಹೇಳಲೂ ಒಳಗೆ ಏನೋ ಕರಗಬೇಕು, ಅವನಲ್ಲಿ ಕರಗುವಂಥದ್ದು ಏನೂ ಉಳಿದಿರಲಿಲ್ಲ. ಕಟ್ಟೆಯ ಮೇಲೆ ಕೂತು ಹೇಳುವ ಹಾಗೆಯೇ ಹೇಳಿದ.

“ಆ ಪೆಟ್ಟು ನೀನು ತಡಕೊಂಡಿಲ್ಲ. ನಿನಗ ಗೊತ್ತೇ ಆಗಿಲ್ಲ. ಅದನ್ನ ಧೈರ್ಯ ಅಂದದ್ದು ನನ್ನ ತಪ್ಪು. ಹೊಡೆತದಾಗ ನಿನಗ ಅವಸರ ಐತಿ, ಅದು ಬ್ಯಾರೆ. ಆದ್ರ ಬಾಲು ಎಲ್ಲಿಗೆ ಬರತೈತೋ ಅದು ಹೊರಡೋಕಿಂತ ಮೊದ್ಲ ಅಲ್ಲಿ ಹೋಗಿ ನಿಂತಿರತೀಯಲ್ಲ, ಅದು ಕಾಲಿಂದ ಬಂದದ್ದಲ್ಲ. ಅದನ್ನ ಯಾರೂ ಕಲಿಸಿಲ್ಲ. ಅದು ನಿಂದ.”

“ಅಷ್ಟೇನಾ?”

“ಅಷ್ಟ. ಬ್ಯಾಕ್ ಆದವಗ ಅಷ್ಟು ಸಾಕು.”

ಚಿತ್ತಪ್ಪ ತಲೆಯಾಡಿಸಿದ. ಮಿಲ್ಲಿನವರ ಮುಂದೆ ಒಂದಾಟ ಆಡಿ ಹೋಗಲಾ ಅಂತ ಕೇಳಿದ. ಇನ್ನೊಂದು ಪೆಟ್ಟು ಬಿದ್ದು ಹುಣ್ಣಾದರೆ ಕಾಲು ಉಳಿಯುವುದಿಲ್ಲ ಅಂದ ಉಜ್ಜಿನಪ್ಪ. ಚಿತ್ತಪ್ಪ ಮತ್ತೆ ಕೇಳಲಿಲ್ಲ. ಎಣ್ಣೆ ತಿಕ್ಕಿದ ಕೋಲನ್ನು ಗೋಡೆಗೆ ಒರಗಿಸಿ ಎದ್ದು ಒಲೆಯ ಮೇಲಿನ ಬಾಣಲೆ ಇಳಿಸಿದ.

ಮಿಲ್ಲಿನವರು ಬರುವ ಹಿಂದಿನ ದಿನ, ಜವಳಿ ತರುವ ನೆಪ ಹೇಳಿ ಉಜ್ಜಿನಪ್ಪ ಬೆಳಗಿನ ರೈಲಿಗೆ ಬಳ್ಳಾರಿಗೆ ಹೊರಟ. ಚಿತ್ತಪ್ಪ ಬೇರೆ ಡಬ್ಬಿಯಲ್ಲಿ ಕೂತ. ಊರಾಚೆಯ ಮಿಷನ್ನಿನವರ ಆಸ್ಪತ್ರೆಯಲ್ಲಿ ಡಾಕ್ಟರು ಗರಿಯಿಂದ ಮುಟ್ಟಿ, ಸೂಜಿಯಿಂದ ಚುಚ್ಚಿ, ಮೊಣಕಾಲಿನ ಪಕ್ಕದ ನರ ಒತ್ತಿ ನೋಡಿದರು. ಬೇಗನೇ ಕರೆತಂದಿದ್ದೀರಿ, ಈ ರೋಗಕ್ಕೆಂದೇ ಇರುವ ಎಣ್ಣೆಯ ಇಂಜೆಕ್ಷನ್ ಕೊಡುತ್ತೇವೆ, ವರ್ಷಗಟ್ಟಲೆ ಬೇಕು, ವಾಸಿಯಾದವರೂ ಇದ್ದಾರೆ ಆಗದವರೂ ಇದ್ದಾರೆ ಅಂದರು. ಓಟ, ಆಟ ಮಾತ್ರ ಇನ್ನಿಲ್ಲ ಅಂದರು. ಚಿತ್ತಪ್ಪ ಅದನ್ನು ಪೇಟೆಯ ದರ ಕೇಳಿದಂತೆ ಕೇಳಿಸಿಕೊಂಡ.

ಗೇಟಿನವರೆಗೆ ಬಂದು ಕೇಳಿದ, “ನಾಳಿಕ್ಕೆ ನನ್ನ ಜಾಗದಾಗೆ ಯಾರು?”

“ಲಕ್ಷ್ಮೀನರಸಪ್ಪ.”

“ಅವ್ನು ಕಣ್ಣು ಮುಚ್ತಾನೆ.”

“ಮುಚ್ಚಲಿ ಬಿಡು,” ಅಂದ ಉಜ್ಜಿನಪ್ಪ. ಬೇರೇನಾದರೂ ಹೇಳಬೇಕಿತ್ತೆಂದು ಅವನಿಗೂ ಗೊತ್ತಿತ್ತು. ಮರುದಿನದ ರೈಲಿಗೆ ವಾಪಸು ಬಂದ.

ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಮ್ಮಘಟ್ಟದ ಕುರಿಯವರು ಹಿಂಡು ಮನೆಯವರಿಗೆ ಒಪ್ಪಿಸಿ ಬಂದಿದ್ದರು. ಬಿಳಿ ಶರಾಯಿ ತೊಟ್ಟ ಬಳ್ಳಾರಿಯವರು ಒಂದು ಕಡೆ ಬಾಲು ತಟ್ಟುತ್ತಿದ್ದರು. ಮಿಲ್ಲಿನ ಸೆಕ್ರೆಟರಿ ಟೋಪಿ ಕೈಯಲ್ಲಿ ಹಿಡಿದು ಕಟ್ಟೆಯ ಹತ್ತಿರವೇ ನಿಂತಿದ್ದರು. ಜಿನ್ನಿನಲ್ಲಿ ಹುಡುಕಿ, ಮನೆಗೆ ಹೋಗಿ ಬಾಗಿಲು ಬಡಿದು, ಬೀಗ ಕಂಡು, ಗಾದಿಲಿಂಗಪ್ಪ ಬೆವರಿಳಿಸುತ್ತ ಬಂದ.

“ಎಲ್ಲಿ ಹಾಳಾಗಿ ಹೋದ್ನೋ! ನಿನ್ನೆಯಿಂದ ಇಲ್ಲಂತ. ಉಜ್ಜಿನಪ್ಪಣ್ಣ, ನಿಮಗೇನರ ಗೊತ್ತೇನ್ರಿ?”

ಊರಿಗೂರೇ ಉಜ್ಜಿನಪ್ಪನ ಕಡೆ ತಿರುಗಿತು. ಅವನು ದಾರಿಯುದ್ದಕ್ಕೂ ಯೋಚಿಸಿಕೊಂಡೇ ಬಂದಿದ್ದ. ಜ್ವರ ಅಂದರೆ ಕಷಾಯ ಹಿಡಿದು ಅರ್ಧ ಊರು ಕೆಂಪಕ್ಕನ ಬಾಗಿಲಿಗೆ ಹೋಗುತ್ತದೆ. ಹಳ್ಳಿಯಲ್ಲಿ ಸಾವು ಅಂದರೆ ಮಡಕಶಿರಾ ಸಂತೆಗೆ ಹೋಗುವ ಬೆಲ್ಲದ ವ್ಯಾಪಾರಿಗಳು ಯಾರು ಸತ್ತರೆಂದು ವಿಚಾರಿಸುತ್ತಾರೆ. ಪೆಟ್ಟಾಗಿದೆ ಅಂದರೆ ಯಾವ ಕಾಲು, ಯಾವ ಡಾಕ್ಟರು ಅಂತ ಗೋಪಣ್ಣ ಬೆನ್ನು ಹತ್ತುತ್ತಾನೆ. ಈ ಊರಿನ ಜನ ಬೆನ್ನು ಹತ್ತಿ ವಿಚಾರಿಸದ ಸಂಗತಿ ಒಂದೇ ಒಂದು. ಅದನ್ನು ನಂಬುವಂತೆ ಹೇಳಬಲ್ಲವನೂ ಊರಿನಲ್ಲಿ ಒಬ್ಬನೇ.

“ಅಂಜಿ ಓಡಿಹೋದ,” ಅಂದ ಉಜ್ಜಿನಪ್ಪ.



“ಏನ್ ಮಾತಂತ ಆಡತೀರಿ?” ಗಾದಿಲಿಂಗಪ್ಪನ ದನಿ ಮೊದಲ ಸಲ ಸಣ್ಣದಾಯಿತು. “ಅವ ಅಂಜೂದಾ? ನೀವ ಕಣ್ಣು ನೋಡಿ ಹೇಳಿದ್ರಲ್ರಿ.”

“ತಪ್ಪು ನೋಡಿದ್ದೆ. ಬಳ್ಳಾರಿಯವ್ರ ಹೆಸರು ಕೇಳಿ ಅವನ ಕಾಲು ನಡುಗಿದ್ದು ನಾ ಕಣ್ಣಾರೆ ಕಂಡೆ. ನನ್ನ ಕೈಲಿ ಆಗೂದಿಲ್ಲ ಯಜಮಾನ್ರ ಅಂತ ಅತ್ತ. ಬ್ಯಾಕ್ ಅಲ್ಲ ಅವ.”

ಹೇಳುತ್ತಿರುವಾಗಲೇ, ಮಾಘದಿಂದ ಬಾರದೆ ಇದ್ದ ನೋವು ಅವನಿಗೆ ಬಂತು. ಆಸ್ಪತ್ರೆಯ ಗೇಟಿನ ಹತ್ತಿರ ನಿಂತ ಚಿತ್ತಪ್ಪನ ಮುಖ ಕಣ್ಣಿಗೆ ಕಟ್ಟಿತು. ಆದರೆ ದನಿ ನಡುಗಲಿಲ್ಲ. ಇಷ್ಟು ದಿನ ಏನೂ ಆಗದೆ ಬದುಕಿದ್ದ ಅಭ್ಯಾಸ ಆ ಹೊತ್ತಿಗೆ ಉಪಯೋಗಕ್ಕೆ ಬಂತು.

ಸೆಕ್ರೆಟರಿಯವರು “ಛೆ” ಅಂದು ಟೋಪಿ ಹಾಕಿಕೊಂಡರು. ಆಮೇಲೆ ನೋಡಬೇಕಿತ್ತು ಕಟ್ಟೆಯ ಜನವನ್ನು! ಬೇಸಿಗೆಯಿಂದ ಬರೆದ ಜಾತಕವನ್ನು ಒಂದು ಮಂಡಕ್ಕಿ ತಿನ್ನುವಷ್ಟರಲ್ಲಿ ತಿರುವಿ ಬರೆದರು. ಹೊ, ಅದಕ್ಕೇ ಅವಸರದಲ್ಲಿ ಹೊಡೆಯುತ್ತಿದ್ದನೋ, ಬಾಲು ದೂರ ಹೋದರೆ ಸಾಕಾಗಿತ್ತು ಅವನಿಗೆ ಅಂದ ಒಬ್ಬ. ಅದಕ್ಕೇ ಬಾಯಿ ಬಿಡುತ್ತಿರಲಿಲ್ಲ ಅಂದ ಇನ್ನೊಬ್ಬ. “ನಾ ಮೊದ್ಲ ಹೇಳಿದ್ನಿಲ್ಲ?” ಅಂದ ಗೋಪಣ್ಣ. “ಎಡಗಾಲು ಹಿಂದ ಬೀಳತೈತಿ ಅಂತ? ಓಡಿಹೋಗೋ ಕಾಲ ಅದು, ಆವಾಗ್ಲೇ ತಯಾರಿ ನಡೆಸಿತ್ತು.” ಎಲ್ಲರೂ ಬಿದ್ದು ಬಿದ್ದು ನಕ್ಕರು. ಗಾದಿಲಿಂಗಪ್ಪನಿಗೆ ಮಾತ್ರ ನಗು ಬರಲಿಲ್ಲ. ಮೋಸ ಹೋದ ಸಿಟ್ಟಿಗೆ ಕಿವಿ ಕೆಂಪಾಗಿತ್ತು.

ಆ ಹೊತ್ತಿಗೇ ಕೆಂಪಕ್ಕ ಬುಟ್ಟಿ ಹೊತ್ತು ಬಂದಳು. ಇಷ್ಟು ಜನ ಸೇರಿದ ದಿನ ಬರದಿದ್ದರೆ ಯಾಕೆ ಬರಲಿಲ್ಲ ಅಂತ ಕೇಳುವವರಿದ್ದರು. ಉಜ್ಜಿನಪ್ಪ ಏನು ಹೇಳುತ್ತಾನೆಂದು ಆಕೆಗೆ ಗೊತ್ತಿರಲಿಲ್ಲ. ಬುಟ್ಟಿ ಇಳಿಸುವ ಮೊದಲೇ ಗಾದಿಲಿಂಗಪ್ಪ ಎರಗಿದ.

“ಏನವಾ ಕೆಂಪಕ್ಕ! ನಿನ್ನ ತಮ್ಮ ಕಾಲಿಗೆ ಬುದ್ಧಿ ಹೇಳ್ಯಾನಂತಲ್ಲ? ಊರಿನ ಮರ್ಯಾದಿ ಮಣ್ಣುಪಾಲು ಮಾಡಿದ್ನಲ್ಲ, ಹೇಡಿ! ಅಂಜಿ ಓಡಿದ್ನಂತ. ಉಜ್ಜಿನಪ್ಪಣ್ಣನ ಹೇಳಿದ್ರು.”

ಕೆಂಪಕ್ಕ ಉಜ್ಜಿನಪ್ಪನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಬುಟ್ಟಿಯನ್ನು ಇಳಿಸಿ, ಸಿಂಬಿ ಬಿಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುತ್ತುಗದ ಎಲೆಯೊಂದನ್ನು ಪೊಟ್ಟಣವಾಗಿ ಮಡಿಸುತ್ತ ಆಕೆ ನಕ್ಕಳು.

“ಔದಣ್ಣ,” ಅಂದಳು. “ಚಿಕ್ಕೋನಾಗಿದ್ದಾಗಿಂದ್ಲೂ ಅವ್ನು ಅಂಗೇ. ಅಂಜುಬುರುಕ ಮುಂಡೇದು. ಗುಡುಗಿದ್ರೆ ನನ್ನ ಸೀರೆ ಒಳ್ಗೆ ಮಕ ಇಡ್ತಿದ್ದ. ಬ್ಯಾಕಂತೆ ಬ್ಯಾಕು! ಓದ್ರೆ ಓಗ್ಲಿ ಬಿಡಿ ಅತ್ಲಾಗೆ.”

ಜನ ಮತ್ತೊಮ್ಮೆ ಗೊಳ್ಳೆಂದರು. ಒಡಹುಟ್ಟಿದವಳೇ ಹೇಳಿದ ಮೇಲೆ ಇನ್ನೇನು? ಚಿತ್ತಪ್ಪನ ಮಾತು ಅಲ್ಲಿಗೆ ತೀರಿತು. ಬಳ್ಳಾರಿಯವರು ಸೀಟಿ ಊದಿದರು, ಲಕ್ಷ್ಮೀನರಸಪ್ಪ ಕೋಲು ಹಿಡಿದು ಗೋಲಿನ ಮುಂದೆ ನಿಂತ, ಕಟ್ಟೆಯವರ ಕಣ್ಣೆಲ್ಲ ಅವನ ಮೇಲೆ ಹೋಯಿತು.

ಕೆಂಪಕ್ಕ ಒಬ್ಬೊಬ್ಬರಿಗೇ ಪೊಟ್ಟಣ ಕೊಡುತ್ತ ಬಂದಳು. ಉಜ್ಜಿನಪ್ಪನ ಮುಂದೆ ನಿಂತಾಗ ಆಕೆಯ ಕೈ ಒಂದು ಚೂರೂ ಅಲುಗಲಿಲ್ಲ. “ತಗೊಳ್ಳಿ ಯಜಮಾನ್ರೇ,” ಅಂದಳು. ಅವನು ತೆಗೆದುಕೊಂಡ. ಹಿಂದಿನಿಂದ ಗುಮ್ಮಘಟ್ಟದವರು ನಮಗೂ ಇರಲಿ ಅಂತ ಕೂಗಿದರು, ಬಳ್ಳಾರಿಯ ಸೆಕ್ರೆಟರಿಯವರೂ ಕೈ ಚಾಚಿದರು. ಆ ಸಂಜೆ ಇಡೀ ಊರು ಅವಳ ಕೈಯಿಂದ ತೆಗೆದುಕೊಂಡು ತಿಂದಿತು.